ರಾತ್ರಿ ಎರಡಕ್ಕೆ ಬೆಳಗಾಗುವ ತೋಟ: ಹೈಡ್ರೋಪೋನಿಕ್ ಕಿಟ್ ಜೊತೆ 14 ತಿಂಗಳು

ನಮ್ಮದು ಬೆಂಗಳೂರಿನ ವಿಜಯನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಕೈಚಾಚಿದರೆ ಪಕ್ಕದ ಕಟ್ಟಡದ ಗೋಡೆ ಸಿಗುತ್ತದೆ. ಬಿಸಿಲು ಅಂದರೆ ಬೆಳಿಗ್ಗೆ ಬಚ್ಚಲಮನೆ ಕಿಟಕಿಗೆ ಹತ್ತು ನಿಮಿಷ, ಅಷ್ಟೇ. ತುಳಸಿಯೇ ಎರಡು ಸಲ ಸತ್ತಿತ್ತು. ಹಾಗಾಗಿ 5,200 ರೂಪಾಯಿ ಕೊಟ್ಟು 12 ತೂತಿನ ಹೈಡ್ರೋಪೋನಿಕ್ ಕಿಟ್ ತಂದೆ, ಅಂದರೆ ಮಣ್ಣಿಲ್ಲದೆ ದೀಪದ ಬೆಳಕಲ್ಲಿ, ಗೊಬ್ಬರ ಬೆರೆಸಿದ ನೀರಲ್ಲೇ ಗಿಡ ಬೆಳೆಸುವ ತೊಟ್ಟಿ. ಉಳಿದ ವಿವರ ಡಬ್ಬದ ಮೇಲೇ ಇರುತ್ತದೆ. ನಾನು ಬರೆಯಲು ಕೂತಿದ್ದು ಅದರ ಟೈಮರ್ ಮೇಲಿನ ಸಿಟ್ಟಿಗೆ.

ದೀಪ 16 ಗಂಟೆ ಉರಿದು 8 ಗಂಟೆ ಆರಬೇಕು. ಆದರೆ ಈ ಪುಣ್ಯಾತ್ಮನಿಗೆ ಗಡಿಯಾರವೇ ಇಲ್ಲ. ಕರೆಂಟು ಬಂದ ಕ್ಷಣದಿಂದ ಲೆಕ್ಕ ಶುರು. ಬೆಳಿಗ್ಗೆ ಆರಕ್ಕೆ ಹಚ್ಚಿದರೆ ರಾತ್ರಿ ಹತ್ತಕ್ಕೆ ಆರುತ್ತದೆ, ಸರಿ. ಸಂಜೆ ಏಳಕ್ಕೆ ಕರೆಂಟು ಐದು ನಿಮಿಷ ಹೋಗಿ ಬಂತು ಅನ್ನಿ. ಲೆಕ್ಕ ಮತ್ತೆ ಮೊದಲಿಂದ! ಮರುದಿನ ಬೆಳಿಗ್ಗೆ 11ರ ತನಕ ಉರಿಯುತ್ತದೆ. ರಾತ್ರಿ ಎರಡಕ್ಕೆ ನೀರು ಕುಡಿಯಲು ಎದ್ದರೆ ಅಡುಗೆಮನೆ ಮದುವೆ ಛತ್ರದ ಹಾಗೆ ಝಗಮಗ. ಮನೆಯಲ್ಲಿ ಯುಪಿಎಸ್ ಇದೆ, ಆದರೆ ಆ ಪ್ಲಗ್ ಪಾಯಿಂಟ್ ಅದರ ಲೈನಿನಲ್ಲಿಲ್ಲ.

ನಮ್ಮ ನಿದ್ದೆ ಹಾಗಿರಲಿ, ಕೊತ್ತಂಬರಿಯೇ ಹಾಳಾಯಿತು. ಕಿಟ್ ತಂದಿದ್ದೇ ಅದಕ್ಕಾಗಿ. ಅಮ್ಮ ಧನಿಯಾ ಕಾಳನ್ನು ಲಟ್ಟಣಿಗೆಯಲ್ಲಿ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ ಹಾಕಿದ್ದಳು. ಒಂಬತ್ತನೇ ದಿನ ಮೊಳಕೆ ಬಂತು. ಆದರೆ ಬೆಳಕು ಜಾಸ್ತಿ ಹೊತ್ತು ಸಿಕ್ಕಷ್ಟೂ ಕೊತ್ತಂಬರಿಗೆ ಹೂ ಬಿಡುವ ಆತುರ. ಅಗಲ ಎಲೆ ನಾಲ್ಕು ಬಂದಿದ್ದವೋ ಇಲ್ಲವೋ, ಸಬ್ಬಸಿಗೆ ಥರ ಎಳೆ ಎಳೆಯಾಗಿ, ದಂಟು ಎದ್ದು, ಬಿಳಿ ಹೂ! ಕಂಪನಿಗೆ ಫೋನ್ ಮಾಡಿದರೆ, "ಕರೆಂಟ್ ಬಂದ್ಮೇಲೆ ನೀವೇ ಟೈಮ್ ನೋಡ್ಕೊಂಡು ಆಫ್ ಮಾಡಿ ಸಾರ್" ಅಂದರು. ಅಂದರೆ ಟೈಮರ್ ನಾನೇ ಅಲ್ವಾ?

ಐದು ತಿಂಗಳು ಬೈದುಕೊಂಡೇ ಕಳೆದೆ. ಆಮೇಲೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಒಳಗೆ ಪುಟ್ಟ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಪ್ಲಗ್ ಸಿಕ್ಕಿತು, 650 ರೂಪಾಯಿ. ಕರೆಂಟು ಹೋದರೂ ಗಂಟೆ ಮರೆಯುವುದಿಲ್ಲ. ಈಗ ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ಮಾತ್ರ ದೀಪ. ರಾತ್ರಿ ತೊಟ್ಟಿಯ ನೀರು ತಿರುಗಿಸುವ ಪಂಪೂ ನಿಲ್ಲುತ್ತದೆ, ಗಿಡಗಳು ಇಲ್ಲಿಯ ತನಕ ತಕರಾರು ತೆಗೆದಿಲ್ಲ. ಕೊತ್ತಂಬರಿ ಎಲೆ ಎರಡು ಮೂರು ಸಲ ಕೊಯ್ಯಲು ಸಿಗುತ್ತಿದೆ.

ನಿದ್ದೆ ಸರಿಹೋದ ಮೇಲೆ ನನ್ನ ಸಿಟ್ಟೂ ಇಳಿಯಿತು. ಈಗ ಭಾನುವಾರ ಕಾಫಿ ಆದಮೇಲೆ ತೊಟ್ಟಿ ನೀರು ಬದಲಿಸುವುದು ಅಮ್ಮನ ಕೆಲಸ. ಕೆಮ್ಮಿನ ಸಿರಪ್ಪಿನ ಮುಚ್ಚಳದಲ್ಲಿ ಅಳೆದು, ಎರಡು ಬಾಟಲಿ ದ್ರವ ಗೊಬ್ಬರದಲ್ಲಿ ಮೊದಲು 'ಎ' ಬಾಟಲಿಯದನ್ನು ನೀರಿಗೆ ಹಾಕಿ ಕಲಕುತ್ತಾಳೆ. ಮುಚ್ಚಳ ತೊಳೆದು ಆಮೇಲೆ 'ಬಿ'. ಎರಡನ್ನೂ ನೇರ ಬೆರೆಸಿದರೆ ಒಂದರ ಕ್ಯಾಲ್ಸಿಯಂ ಇನ್ನೊಂದರ ಸಲ್ಫೇಟ್, ಫಾಸ್ಫೇಟ್ ಜೊತೆ ಸೇರಿ ಬಿಳಿ ಗಸಿಯಾಗಿ ತಳ ಹಿಡಿಯುತ್ತದೆ. ಒಂದು ಸಲ ನಾನು ಮಾಡಿದ್ದೆ, ಅಮ್ಮ ಇನ್ನೂ ಮರೆತಿಲ್ಲ. ಬೋರ್‌ವೆಲ್ ನೀರೂ ಬೇಡ. ನಮ್ಮ ಗಡಸು ನೀರಿನಲ್ಲಿ ಪಿಎಚ್ (ಹುಳಿ-ಕ್ಷಾರದ ಅಳತೆ) 6.5 ದಾಟಿ ಮೇಲೇರುತ್ತಿತ್ತು. ಆಗ ಗಿಡ ಕಬ್ಬಿಣ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಪುದೀನದ ಚಿಗುರೆಲ್ಲ ಹಳದಿ, ನರ ಮಾತ್ರ ಹಸಿರು. ನಿಂಬೆರಸ ಹಿಂಡಿದೆವು, ಎರಡೇ ದಿನಕ್ಕೆ ಪಿಎಚ್ ಮತ್ತೆ ಮೇಲೆ. ಈಗ ಫಿಲ್ಟರ್ ನೀರೇ.

ನೀರು ತುಂಬಿಸುವ ಮೊದಲು ಅಮ್ಮ ತೊಟ್ಟಿಯ ಮುಚ್ಚಳವನ್ನು ಗಿಡಗಳ ಸಮೇತ ಎತ್ತಿ ಹಿಡಿದು ನಿಂತುಬಿಡುತ್ತಾಳೆ. ಕೆಳಗೆ ಬೇರು ಬೆಳ್ಳಗೆ ಶಾವಿಗೆ ಹಾಗೆ ಇಳಿಬಿದ್ದು ತೊಟ್ಟಿಕ್ಕುತ್ತಿರುತ್ತವೆ. "ಊರಲ್ಲಿ ಇಷ್ಟು ವರ್ಷ ಗಿಡ ನೆಟ್ಟೆ, ಬೇರು ನೋಡಿದ್ದು ಕಿತ್ತಾಗ್ಲೇ ಕಣೋ" ಅಂದಳು ಒಂದು ದಿನ.

ತೀರ್ಥಹಳ್ಳಿಯಿಂದ ಬರುವಾಗ ದೊಡ್ಡಪತ್ರೆಯ ಒಂದು ರೆಂಬೆ ತಂದು, ನನ್ನನ್ನು ಕೇಳದೆ ಖಾಲಿ ತೂತಿಗೆ ಸಿಕ್ಕಿಸಿದ್ದಳು. ಈಗ ಮೂರು ತೂತು ಅದರದ್ದೇ. ವಾರಕ್ಕೊಮ್ಮೆ ತಂಬುಳಿ ಗ್ಯಾರಂಟಿ. ಲೆಟ್ಯೂಸ್ ಬೀಜದ ಪ್ಯಾಕೆಟ್ ಇನ್ನೂ ಡ್ರಾಯರಿನಲ್ಲೇ ಇದೆ, ನಮ್ಮ ಮನೆಯಲ್ಲಿ ಅದನ್ನು ತಿನ್ನುವವರು ಯಾರು?

ದುಡ್ಡು ಉಳಿಯುತ್ತಾ ಅಂದರೆ, ಇಲ್ಲ. 24 ವ್ಯಾಟ್ ದೀಪ ದಿನಕ್ಕೆ 13 ಗಂಟೆ ಅಂದರೆ ತಿಂಗಳಿಗೆ ಒಂಬತ್ತೂವರೆ ಯೂನಿಟ್ ಹತ್ತಿರ. ಮೇಲೆ ಬಾಟಲಿ ಖರ್ಚು. ಕಟ್ಟು ಲೆಕ್ಕದಲ್ಲಿ ಸೊಪ್ಪಿನ ಗಾಡಿಯವರೇ ಗೆಲ್ಲುತ್ತಾರೆ. ಬಿಸಿಲು ಬೀಳುವ ಬಾಲ್ಕನಿ ಇದ್ದವರಿಗೆ ಇದು ಬೇಡವೇ ಬೇಡ. ನಮ್ಮಂಥ ಕತ್ತಲೆ ಮನೆಯವರು ತಗೊಳ್ಳುವುದಾದರೆ ಆ 650 ರೂಪಾಯಿಯನ್ನೂ ಸೇರಿಸಿಯೇ ಬೆಲೆ ನೋಡಿ. ನನ್ನಿಂದ ಐದಕ್ಕೆ ಮೂರು ಸ್ಟಾರ್. ಒಳಗೊಂದು ಬಟನ್ ಬ್ಯಾಟರಿ ಹಾಕಿದ್ದರೆ ನಾಲ್ಕು ಕೊಡುತ್ತಿದ್ದೆ.