ಟ್ಯಾಬ್ ಇರುವ ಲೆಕ್ಕದ ಫೈಲಿಗೆ ಕಾಲಂ ಜೋಡಿಸುವ ಪ್ಲಗಿನ್ ಹಾಕುವ ಮುಂಚೆ ಇದನ್ನು ಓದಿ

ತೀರ್ಥಹಳ್ಳಿ ಹತ್ತಿರದ ನಮ್ಮೂರಿನಲ್ಲಿ ಹದಿನಾರು ಮನೆಯವರು ಸೇರಿ ಒಂದೇ ಗಾಡಿಯಲ್ಲಿ ಶಿವಮೊಗ್ಗದ ಮಂಡಿಗೆ ಅಡಿಕೆ ಕಳಿಸುತ್ತೇವೆ. ಯಾರದ್ದು ಎಷ್ಟು ಕೆಜಿ ಎನ್ನುವ ಲೆಕ್ಕ ನನ್ನದು. ಮನೆ ಹೆಸರು, ಆಮೇಲೆ ಅಡಿಕೆಯ ನಾಲ್ಕು ದರ್ಜೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಐದು ಕಾಲಂ, ನಡುವೆ ಟ್ಯಾಬ್ (ಟ್ಯಾಬ್ ಕೀ ಒತ್ತಿದರೆ ಬರುವ ಕಾಣದ ಅಕ್ಷರ). ಟೆಕ್ಸ್ಟ್ ಎಡಿಟರಿನಲ್ಲೇ ಬರೆದಿಡುತ್ತೇನೆ.

ಕಣ್ಣಿಗೆ ಕಾಲಂ ನೆಟ್ಟಗೆ ಕಾಣುತ್ತಿರಲಿಲ್ಲ. ಅದಕ್ಕೇ ಜೋಡಿಸಿಕೊಡುವ ಒಂದು ಪ್ಲಗಿನ್ (ಎಡಿಟರಿಗೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ) ಹಾಕಿದೆ. ಅದರ ಸೆಟ್ಟಿಂಗ್‌ನಲ್ಲಿ ‘ಸೇವ್ ಮಾಡುವಾಗ ಟ್ಯಾಬ್ ತೆಗೆದು ಸ್ಪೇಸ್ ಹಾಕು’ ಎನ್ನುವುದು ಮೊದಲಿಂದಲೇ ಆನ್ ಇತ್ತು. ನಾನು ನೋಡಿರಲಿಲ್ಲ.

ಆಮೇಲೆ ಫೈಲನ್ನು ಸ್ಪ್ರೆಡ್‌ಶೀಟಿನಲ್ಲಿ ತೆರೆದರೆ ಎಲ್ಲ ಒಂದೇ ಕಾಲಂನಲ್ಲಿ ಬಂತು. ಸರಿ, ಸ್ಪೇಸ್ ಇದ್ದಲ್ಲಿ ಒಡೆ, ಒಟ್ಟೊಟ್ಟಿಗೆ ಎಷ್ಟು ಸ್ಪೇಸ್ ಇದ್ದರೂ ಒಂದೇ ಎಂದು ಲೆಕ್ಕ ಹಿಡಿ ಎಂದು ಆರಿಸಿದೆ. ಕಾಲಂ ಚೆಂದ ಕೂತವು. ಮನೆ ಹೆಸರುಗಳೆಲ್ಲ ಒಂದೊಂದೇ ಪದ. ಎರಡು ಪದದ ಹೆಸರು ಒಂದಾದರೂ ಇದ್ದಿದ್ದರೆ ಅಲ್ಲೇ ಎಡವಟ್ಟು ಕಾಣುತ್ತಿತ್ತು.

ಮೇಲಿನಮನೆಯ ಸಾಲು ನೋಡಿ. ಅವರು ಸರಕು ಮಾಡುವುದಿಲ್ಲ, ಹಾಗಾಗಿ ಆ ಕಾಲಂ ಖಾಲಿ. ಬೆಟ್ಟೆ 62, ರಾಶಿ 118, ಗೊರಬಲು 14. ಮೊದಲಿನ ಫೈಲಿನಲ್ಲಿ ಹೆಸರಾದ ಮೇಲೆ ಎರಡು ಟ್ಯಾಬ್ ಇದ್ದವು, ಅವೆರಡರ ನಡುವೆ ಸರಕಿನ ಖಾಲಿ ಜಾಗ. ಟ್ಯಾಬ್ ಹೋಗಿ ಸ್ಪೇಸ್ ಬಂದಾಗ ಆ ಖಾಲಿ ಜಾಗ ಬರೀ ಉದ್ದದ ಸ್ಪೇಸ್ ಆಯಿತು. ಆಮೇಲೆ ಅದೂ ಒಂದರಲ್ಲಿ ಸೇರಿಹೋಯಿತು. ಸಾಲು ಪೂರ್ತಿ ಎಡಕ್ಕೆ ಜಾರಿತು. ಸರಕು 62, ಬೆಟ್ಟೆ 118, ರಾಶಿ 14! ಒಟ್ಟು ಮಾತ್ರ ಅದೇ 194 ಕೆಜಿ. ನಾನು ತಾಳೆ ನೋಡಿದ್ದು ಕೆಜಿಯನ್ನೇ. ಕೆಜಿ ಸರಿ ಇದೆ ಅಂದುಕೊಂಡು ದುಡ್ಡು ಹಂಚಲು ಶುರುಮಾಡಿದೆ. ಸರಕಿನ ದರ ಎಲ್ಲಕ್ಕಿಂತ ಜಾಸ್ತಿ, ಗೊರಬಲಿನದ್ದು ಎಲ್ಲಕ್ಕಿಂತ ಕಡಿಮೆ. ಒಂದು ಕಾಲಂ ಜಾರಿದರೆ ಎಷ್ಟು ವ್ಯತ್ಯಾಸ ಆಗುತ್ತದೆ ಎಂದು ಅಡಿಕೆ ಬೆಳೆಯುವವರಿಗೆ ಹೇಳಬೇಕಾಗಿಲ್ಲ.

ಹಿಡಿದವರು ಮೇಲಿನಮನೆ ಅತ್ತೆ. ಚೀಟಿ ನೋಡಿ, “ಅಪ್ಪೀ, ನಮ್ಮನೇಲಿ ಸರಕು ಮಾಡೋದೇ ಇಲ್ವಲ್ಲ, ಇದು ಯಾರದ್ದೋ ನೋಡು” ಅಂದರು. ಜಾಸ್ತಿ ಬರುವ ದುಡ್ಡನ್ನು ಅವರಾಗಿಯೇ ಬೇಡ ಅಂದರು. ಅಷ್ಟರಲ್ಲಿ ಮೂರು ಮನೆಗೆ ಕೊಟ್ಟಾಗಿತ್ತು.

ಆ ರಾತ್ರಿ ಎಡಿಟರಿನಲ್ಲಿ ಕಾಣದ ಅಕ್ಷರ ತೋರಿಸುವ ಆಯ್ಕೆ ಒತ್ತಿದೆ. ಟ್ಯಾಬ್ ಇದ್ದರೆ ಬಾಣದ ಗುರುತು, ಸ್ಪೇಸ್ ಇದ್ದರೆ ಚುಕ್ಕಿ ಕಾಣುತ್ತದೆ. ಫೈಲ್ ತುಂಬ ಚುಕ್ಕಿ. ಒಂದು ಬಾಣವೂ ಇಲ್ಲ. ಚುಕ್ಕಿ ನೋಡಿ ಖಾಲಿ ಜಾಗ ಎಲ್ಲಿತ್ತು ಎಂದು ಹೇಳಲು ಬರುವುದಿಲ್ಲ, ಯಾಕೆಂದರೆ ಕನ್ನಡದಲ್ಲಿ ಈ ಪ್ಲಗಿನ್ ಕಾಲಂಗಳನ್ನು ನೆಟ್ಟಗೆ ಕೂರಿಸಿಯೇ ಇರಲಿಲ್ಲ. ಪರೀಕ್ಷೆಗೆ ‘ತೀರ್ಥಹಳ್ಳಿ’ ಎಂದು ಬರೆದು ನೋಡಿದೆ. ನಮ್ಮ ಕಣ್ಣಿಗೆ ಅದು ನಾಲ್ಕು ಅಕ್ಷರ. ಕಂಪ್ಯೂಟರಿನಲ್ಲಿ ಅಕ್ಷರ ಇಡುವ ಯೂನಿಕೋಡ್ ಪದ್ಧತಿಯ ಲೆಕ್ಕದಲ್ಲಿ ಗುಣಿತ, ವಿರಾಮ (ಅರ್ಧಾಕ್ಷರದ ಗುರುತು), ಒತ್ತು ಎಲ್ಲ ಬಿಡಿಬಿಡಿ, ಒಟ್ಟು ಹತ್ತು. ‘ಸಾಗರ’ ಕಣ್ಣಿಗೆ ಮೂರು, ಆ ಲೆಕ್ಕದಲ್ಲಿ ನಾಲ್ಕು. ಪ್ಲಗಿನ್ ಎಣಿಸುವುದು ಈ ಹತ್ತನ್ನು, ಪರದೆಯಲ್ಲಿ ಕಾಣುವ ಅಗಲವನ್ನಲ್ಲ. ಹೀಗೆ ಎಣಿಸುವ ಪ್ಲಗಿನ್ ಕನ್ನಡದ ಸಾಲನ್ನು ಜೋಡಿಸುವುದು ಆಗದ ಮಾತು.

ಜೋಡಿಸಲೇಬೇಕು ಅಂದರೆ ಟ್ಯಾಬನ್ನು ಮುಟ್ಟದೆ ಕಾಣುವ ಅಗಲ ಮಾತ್ರ ಬದಲಿಸುವಂಥದ್ದನ್ನು ಹುಡುಕಿ. ನಿಕ್ ಗ್ರೇವ್‌ಗಾರ್ಡ್ ಎನ್ನುವ ಪ್ರೋಗ್ರಾಮರ್ 2006ರಲ್ಲಿ ಹೇಳಿದ ಎಲಾಸ್ಟಿಕ್ ಟ್ಯಾಬ್‌ಸ್ಟಾಪ್ ಆ ಬಗೆಯದು. ಅದರ ಹೆಸರು ಹೇಳುವ ಪ್ಲಗಿನ್ ಸಿಕ್ಕಿದರೂ ಸುಮ್ನೆ ನಂಬಬೇಡಿ. ಫೈಲಿನ ನಕಲು ತೆಗೆದು, ಖಾಲಿ ಜಾಗ ಇರುವ ಒಂದು ಸಾಲಿಟ್ಟು, ಸೇವ್ ಮಾಡಿ, ಮುಚ್ಚಿ, ಮತ್ತೆ ತೆರೆದು ಬಾಣ ಎಣಿಸಿ. ನಮ್ಮ ಐದು ಕಾಲಂಗೆ ಸಾಲಿಗೆ ನಾಲ್ಕು ಬಾಣ ಇರಬೇಕು. ಖಾಲಿ ಬಿಡುವ ಬದಲು 0 ಹಾಕಿ. ನಾನು ಹಾಗೆ ಮಾಡಿದ್ದಿದ್ದರೆ ಸಾಲು ಜಾರುತ್ತಿರಲಿಲ್ಲ.

ಕೊನೆಗೆ ತೂಕದ ಚೀಟಿಗಳನ್ನೆಲ್ಲ ಹರಡಿಕೊಂಡು ಎರಡು ರಾತ್ರಿ ಕೂತು ಲೆಕ್ಕ ಮತ್ತೆ ಬರೆದೆ. ಹೆಚ್ಚು ಹೋಗಿದ್ದ ದುಡ್ಡನ್ನು ಎರಡು ಮನೆಯವರು ಮಾರನೇ ದಿನವೇ ವಾಪಸ್ ಕೊಟ್ಟರು. ಮೂರನೆಯವರು ಅದರಲ್ಲಿ ಗೊಬ್ಬರ ತಂದಾಗಿತ್ತು. ಅವರದ್ದನ್ನು ಮುಂದಿನ ಲೋಡಿನಲ್ಲಿ ಹಿಡಿದುಕೊಳ್ಳುವುದು ಎಂದು ಮಾತಾಗಿದೆ.