ಲಾನ್ ಕೊಟೇಶನ್‌ನಲ್ಲಿ ‘ಎಂ’ ಕಂಡರೆ ಸಹಿ ಹಾಕುವ ಮೊದಲು ಜಾಗ ಅಳೆಯಿರಿ

ನ್ಯೂಜೆರ್ಸಿಯಲ್ಲಿ ಹೊಸದಾಗಿ ಮನೆ ಕೊಂಡಿರುವ ಕನ್ನಡದವರು ದಯವಿಟ್ಟು ಇದನ್ನು ಪೂರ್ತಿ ಓದಿ. ವಸಂತ ಬಂತೆಂದರೆ ಲಾನ್ ಕಂಪನಿಗಳವರು ಬಾಗಿಲಿಗೆ ಚೀಟಿ ಸಿಕ್ಕಿಸಿ ಹೋಗುತ್ತಾರೆ. ಅಂಥ ಒಂದು ಕಂಪನಿಗೆ ಕೆಲಸ ಒಪ್ಪಿಸಿದ್ದಕ್ಕೆ ನಮ್ಮ ಹಿತ್ತಲಿನ ಹುಲ್ಲು ಸುಟ್ಟುಹೋಯಿತು.

ಕೊಟೇಶನ್‌ನಲ್ಲಿ ಗೊಬ್ಬರದ ಬಗ್ಗೆ ಇದ್ದದ್ದು ಒಂದೇ ಸಾಲು: ‘11 ಎಂ, 1# ಎನ್/ಎಂ’. ಊರಿಂದ ಬಂದ ನಮಗೆ ಎಂ ಅಂದರೆ ಮೀಟರ್. ಇಲ್ಲಿಯ ಲಾನ್ ಕಸುಬಿನಲ್ಲಿ ಅದು ಸಾವಿರ ಚದರಡಿ. ರೋಮನ್ ಅಂಕಿಯಿಂದ ಬಂದದ್ದು. # ಅಂದರೆ ಪೌಂಡು, ಎನ್ ಅಂದರೆ ಸಾರಜನಕ. ಸಾವಿರ ಚದರಡಿಗೆ ಒಂದು ಪೌಂಡು ಸಾರಜನಕ ಹಾಕುತ್ತೇವೆ ಎಂದು ಬರೆದಿದ್ದರು. ಅದರಲ್ಲೇನೂ ತಪ್ಪಿಲ್ಲ, ವೃತ್ತಿಯವರು ಒಂದು ಸಲಕ್ಕೆ ಹಾಕಲು ಈ ರಾಜ್ಯದ ಕಾನೂನು ಬಿಡುವ ಗರಿಷ್ಠ ಪ್ರಮಾಣವೇ ಅಷ್ಟು. ಮೋಸ ಇದ್ದದ್ದು ಆ 11ರಲ್ಲಿ.

ನಮ್ಮದು ಕಾಲು ಎಕರೆ. ಎಕರೆಗೆ 43,560 ಚದರಡಿ, ಕಾಲೆಕರೆಗೆ 10,890. ಜಾಗಕ್ಕೆ ಕಾಲಿಡದೆ ತೆರಿಗೆ ದಾಖಲೆ ನೋಡಿ ಅದನ್ನೇ 11 ಎಂ ಮಾಡಿಬಿಟ್ಟಿದ್ದರು. ಮನೆ, ಡ್ರೈವ್‌ವೇ, ಡೆಕ್, ಹೂವಿನ ಪಾತಿ ಎಲ್ಲ ಕಳೆದರೆ ನಿಜವಾಗಿ ಹುಲ್ಲಿರುವುದು ಸುಮಾರು 5,500 ಚದರಡಿ. ಬಿಲ್ ಕೂಡ ಎಂ ಲೆಕ್ಕದಲ್ಲೇ ಬರುತ್ತದೆ, ಅಂದರೆ ಡಾಂಬರಿಗೂ ಸೂರಿಗೂ ಗೊಬ್ಬರದ ದುಡ್ಡು ಕೊಟ್ಟ ಹಾಗಾಯಿತು. ದುಡ್ಡು ಹೋದರೆ ಹೋಗಲಿ. ಜೂನ್ ಬಿಸಿಲಲ್ಲಿ ಬಂದ ಹುಡುಗ 11 ಎಂಗೆ ಎಂದು ತಂದ ಚೀಲವನ್ನು ಪೂರ್ತಿ ಆ 5,500 ಚದರಡಿಯಲ್ಲೇ ಖಾಲಿ ಮಾಡಿ ಹೋದ.

ಖಾಲಿ ಚೀಲ ನಮ್ಮ ಕಸದ ಡಬ್ಬಿಯಲ್ಲೇ ಸಿಕ್ಕಿತು. 50 ಪೌಂಡು, 24-0-10. ಮೊದಲ ಅಂಕಿ ಸಾರಜನಕದ ಶೇಕಡಾವಾರು. 50ರಲ್ಲಿ 24% ಅಂದರೆ 12 ಪೌಂಡು. ಅದನ್ನು ಐದೂವರೆಯಿಂದ ಭಾಗಿಸಿದರೆ ಸಾವಿರ ಚದರಡಿಗೆ 2.18 ಪೌಂಡು, ಮಿತಿಯ ಎರಡರಷ್ಟಕ್ಕಿಂತ ಹೆಚ್ಚು. (ನಡುವಿನ ಸೊನ್ನೆ ರಂಜಕದ್ದು. 2011ರ ಕಾನೂನಿನಂತೆ ಮಣ್ಣು ಪರೀಕ್ಷೆ ಮಾಡಿಸದೆ ಬೆಳೆದ ಲಾನ್‌ಗೆ ರಂಜಕ ಹಾಕುವಂತಿಲ್ಲ. ಅದನ್ನು ಮಾತ್ರ ಪಾಲಿಸಿದ್ದರು.)

ಕರಗುವ ಗೊಬ್ಬರ ಮಣ್ಣಲ್ಲಿ ಉಪ್ಪಿನ ಹಾಗೇ ಕೆಲಸ ಮಾಡುತ್ತದೆ, ಹೆಚ್ಚಾದರೆ ಬೇರಿಗೆ ನೀರು ಸಿಗಗೊಡುವುದಿಲ್ಲ. ವಾರ ಕಳೆಯುವಷ್ಟರಲ್ಲಿ ಸ್ಪ್ರೆಡರ್ (ಗೊಬ್ಬರ ಚೆಲ್ಲುವ ತಳ್ಳುಗಾಡಿ) ಓಡಾಡಿದ ದಾರಿಯುದ್ದಕ್ಕೂ ಹಳದಿ ಪಟ್ಟೆಗಳು ಎದ್ದವು. ಅವನು ಗಾಡಿ ತಿರುಗಿಸಿದ ಮೂಲೆಗಳಲ್ಲಿ ಎರಡು ಸಲ ಬಿದ್ದಿರಬೇಕು, ಅಲ್ಲಿ ಹುಲ್ಲು ಹಿಡಿದೆಳೆದರೆ ಬುಡಸಮೇತ ಕೈಗೆ ಬರುತ್ತಿತ್ತು. ಫೋನ್ ಮಾಡಿದರೆ ‘ದಾಖಲೆಯಲ್ಲಿರುವ ಅಳತೆಯನ್ನೇ ಹಾಕಿದ್ದೇವೆ’ ಎಂದು ಕೈತೊಳೆದುಕೊಂಡರು. ಮಳೆ ಬಂದರೆ ಈ ಹೆಚ್ಚಿನ ಸಾರಜನಕ ಹಳ್ಳ, ಕೊಲ್ಲಿ ಸೇರುತ್ತದೆ; ಅದನ್ನು ತಡೆಯಲೆಂದೇ ಕಾನೂನು ಮಾಡಿದ್ದು. ಹಾಗಿದ್ದೂ ಅಷ್ಟು ನಿರ್ಲಕ್ಷ್ಯ ಎಂಬುದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು.

ಆದ್ದರಿಂದ ಸಹಿಗೆ ಮೊದಲು ಗೂಗಲ್ ಮ್ಯಾಪ್ಸ್‌ನ ಅಳತೆ ಸಾಧನದಲ್ಲಿ ಹುಲ್ಲಿರುವ ಭಾಗದ ಸುತ್ತ ಮಾತ್ರ ಗೆರೆ ಎಳೆದು ಮುಚ್ಚಿ, ಚದರಡಿ ಅದೇ ತೋರಿಸುತ್ತದೆ. ಆ ಸಂಖ್ಯೆಯನ್ನೇ ಕೊಟೇಶನ್‌ನಲ್ಲಿ ಬರೆಸಿ. ಗೊಬ್ಬರ ಹಾಕುವ ವೃತ್ತಿಯವರಿಗೆ ರಟ್ಗರ್ಸ್ ವಿಶ್ವವಿದ್ಯಾಲಯದ ಮೂಲಕ ಕೊಡುವ ಪ್ರಮಾಣಪತ್ರ ಬೇಕು, ಅದನ್ನೂ ಕೇಳಿ.

ಕಳೆನಾಶಕ ಸಿಂಪಡಿಸುವವರಾದರೆ ಇನ್ನೂ ಹುಷಾರು. ಅಲ್ಲಿ ‘/ಎ’ ಎಂದಿದ್ದರೆ ಎಕರೆಗೆ, ‘/ಎಂ’ ಎಂದಿದ್ದರೆ ಸಾವಿರ ಚದರಡಿಗೆ; ಎಕರೆಗೆ ಒಂದು ಪೌಂಡು ಅಂದರೆ ಸಾವಿರಕ್ಕೆ ಬರೀ 0.367 ಔನ್ಸ್. ಔನ್ಸಿನಲ್ಲೂ ಎರಡಿದೆ. ದ್ರವಕ್ಕೆ ಫ್ಲೂಯಿಡ್ ಔನ್ಸ್, ಪುಡಿ-ಹರಳಿಗೆ ತೂಕದ ಔನ್ಸ್. ಹರಳು ಔಷಧವನ್ನು ದ್ರವ ಅಳೆಯುವ ಲೋಟದಲ್ಲಿ ಅಳೆಯುವುದು ಕಂಡರೆ ಅಲ್ಲೇ ನಿಲ್ಲಿಸಿ, ತಕ್ಕಡಿ ತರಲು ಹೇಳಿ.

ಗೊಬ್ಬರ ಈಗಾಗಲೇ ಹೆಚ್ಚು ಬಿದ್ದಿದ್ದರೆ ಕಾಳುಗಳನ್ನು ಗುಡಿಸಿ ತೆಗೆದು, ಹರಿದು ಹೋಗದಂತೆ ನಿಧಾನವಾಗಿ ಕೆಲವು ದಿನ ನೀರು ಬಿಡಿ. ಸತ್ತ ಜಾಗಕ್ಕೆ ಬೇಸಿಗೆಯಲ್ಲಿ ಬೀಜ ಹಾಕಬೇಡಿ. ಟಾಲ್ ಫೆಸ್ಕ್ಯೂ ಎಂಬ ಲಾನ್ ಹುಲ್ಲಿಗೆ ಇಲ್ಲಿ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಸಮಯ.