ಅಪ್ಪನ ಮುಳುಗಿದ ಊರಿಗೆ ಹೋಗಿ ಬಂದೆವು: ಶರಾವತಿ ಹಿನ್ನೀರಿನ ಪಕ್ಕದ ಒಂದು ಹೋಮ್‌ಸ್ಟೇ

ಎರಡು ಸಲ ಉಳಿದು ಬಂದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಮೊದಲ ಸಲ 2024ರ ಮೇ, ಆಮೇಲೆ 2025ರ ನವೆಂಬರ್. ಎರಡೂ ಸಲ ಜೊತೆಗಿದ್ದದ್ದು ಅಪ್ಪ. ಅವರಿಗೆ ಈಗ 74.

ಅಪ್ಪ ಹುಟ್ಟಿದ ಊರು ಈಗ ಇಲ್ಲ. ಸಾಗರ ತಾಲ್ಲೂಕಿನಲ್ಲಿ, ಶರಾವತಿ ದಂಡೆಯಲ್ಲಿತ್ತು. 1948ರಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಮುಗಿದಾಗ ಅಜ್ಜನ ಕೆಳಗಿನ ಗದ್ದೆ ಹೋಯಿತು. 1964ರಲ್ಲಿ ಲಿಂಗನಮಕ್ಕಿ ಮುಗಿಯಿತು. ಆಗ ಮನೆ, ಕೊಟ್ಟಿಗೆ, ದೇವರ ಬನ, ಕೊನೆಗೆ ಆ ಹಳೇ ಅಣೆಕಟ್ಟು ಕೂಡ ಮುಳುಗಿತು. ಅದಕ್ಕೂ ಮೊದಲೇ ಊರವರನ್ನು ಲಾರಿ ಹತ್ತಿಸಿ ಶಿವಮೊಗ್ಗದ ಕಡೆ ಕಾಡಿನಲ್ಲಿ ಇಳಿಸಿದ್ದರು. ಅಪ್ಪನಿಗೆ ಆಗ 12 ವರ್ಷ. ಅಲ್ಲಿಂದ ಮುಂದೆ ಅವರು ಆ ಕಡೆ ತಲೆ ಹಾಕಿರಲಿಲ್ಲ. ‘ನೀರು ನೋಡೋಕೆ ಯಾಕೆ ಹೋಗಬೇಕು’ ಅನ್ನುತ್ತಿದ್ದರು.

2023ರಲ್ಲಿ ಮಳೆ ಕೈಕೊಟ್ಟಿತ್ತು. ಮರುವರ್ಷ ಬೇಸಿಗೆಗೆ ಹಿನ್ನೀರು ತುಂಬಾ ಕೆಳಗೆ ಇಳಿಯಿತು. ಹಳೇ ಅಣೆಕಟ್ಟು ಎದ್ದು ನಿಂತಿದೆ ಅಂತ ಸಂಬಂಧಿಕರೊಬ್ಬರು ಹೇಳಿದ್ದೇ, ಅಪ್ಪ ತಾವಾಗಿಯೇ ‘ಹೋಗೋಣ’ ಅಂದರು. ಬೆಂಗಳೂರಿನಿಂದ ರಾತ್ರಿಯ ತಾಳಗುಪ್ಪ ರೈಲು ಹತ್ತಿ ಬೆಳಿಗ್ಗೆ ಸಾಗರ ಜಂಬಗಾರಿನಲ್ಲಿ ಇಳಿದೆವು. ಅಲ್ಲಿಂದ ಹಿಡಿದ ಟ್ಯಾಕ್ಸಿಯವರು ಮಣ್ಣು ರಸ್ತೆ ಬಂದ ಕೂಡಲೇ ಮುಂದೆ ಬರೋದಿಲ್ಲ ಅಂದುಬಿಟ್ಟರು. ಬಿಸಿಲಿನಲ್ಲಿ ಬ್ಯಾಗ್ ಇಟ್ಟುಕೊಂಡು ನಿಂತಿದ್ದಾಗ ಹೋಮ್‌ಸ್ಟೇ ಯಜಮಾನರೇ ಜೀಪ್ ತಂದು ಕರೆದುಕೊಂಡು ಹೋದರು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ನೀವು ಹೋಗೋದಾದರೆ ಸಾಗರಕ್ಕೇ ಜೀಪ್ ಕಳಿಸಿ ಅಂತ ಮೊದಲೇ ಹೇಳಿಬಿಡಿ.

ಮನೆ ಹಳೆಯದು, ಹೆಂಚಿನದು. ಕೋಣೆ ಮೂರೇ. ಒಬ್ಬರಿಗೆ ದಿನಕ್ಕೆ 1,800 ರೂಪಾಯಿ, ಊಟ ತಿಂಡಿ ಸೇರಿ. ಮೇ ತಿಂಗಳಾದ್ದರಿಂದ ಅಂಗಳದ ತುಂಬಾ ಹಲಸಿನ ಹಪ್ಪಳ ಒಣಗುತ್ತಿತ್ತು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಒಂದೆಲಗದ ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ. ಅಪ್ಪ ಮಿಡಿಯ ತೊಟ್ಟು ಮುರಿದು ಮೂಸಿ, ‘ಇದು ಹೊಳೆಸಾಲಿನ ಮರದ್ದು’ ಅಂದರು. ಯಜಮಾನರ ತಾಯಿ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ‘ಯಾರ ಮನೆ ಪೈಕಿ ನೀವು?’ ಅಂತ ಕೇಳಿದರು. ಮಲೆನಾಡಿನಲ್ಲಿ ಈ ಪ್ರಶ್ನೆ ಕೇಳಿದರು ಅಂದರೆ ಆಯಿತು, ಅಲ್ವಾ? ಅರ್ಧ ಗಂಟೆಯಲ್ಲಿ ಅಪ್ಪನ ಸೋದರತ್ತೆಯ ಗಂಡನ ಮನೆಯವರೆಗೂ ಮಾತು ಮುಟ್ಟಿತ್ತು. ಆಮೇಲೆ ಅವರು ಅಪ್ಪನನ್ನು ‘ತಮ್ಮಾ’ ಅಂತಲೇ ಕರೆದರು.

ಮರುದಿನ ಬೆಳಿಗ್ಗೆ ಆರಕ್ಕೇ ಜೀಪಿನಲ್ಲಿ ಹಿನ್ನೀರಿನ ಒಣ ನೆಲಕ್ಕೆ ಇಳಿದೆವು. ಬಿರುಕು ಬಿಟ್ಟ ಮಣ್ಣು. ಕಪ್ಪಾಗಿ ನಿಂತ ಮರದ ಬೊಡ್ಡೆಗಳು, ಬೇರು ಇನ್ನೂ ನೆಲ ಹಿಡಿದುಕೊಂಡೇ ಇವೆ. ಅಪ್ಪನಿಗೆ ಮೊದಲು ಏನೂ ಗುರುತು ಸಿಗಲಿಲ್ಲ. ದೂರದಲ್ಲಿ ಕಂಡ ಹಳೇ ಅಣೆಕಟ್ಟಿನ ಕಡೆ ಮುಖ ಮಾಡಿ, ಆ ಗುಡ್ಡ ಎಡಕ್ಕೆ, ಈ ಗುಡ್ಡ ಬಲಕ್ಕೆ ಅಂತ ಲೆಕ್ಕ ಹಾಕುತ್ತಾ ನಿಂತರು. ಯಜಮಾನರು ಒಂದು ಮಾತೂ ಆಡಲಿಲ್ಲ. ಜೀಪ್ ಆಫ್ ಮಾಡಿ ಸುಮ್ನೆ ಕೂತರು. ನಾನು ಈ ಜಾಗಕ್ಕೆ ಐದು ಸ್ಟಾರ್ ಕೊಡುವುದು ಆ ಮುಕ್ಕಾಲು ಗಂಟೆಗೆ.

ಆಮೇಲೆ ಅಪ್ಪ ನಡೆಯಲು ಶುರು ಮಾಡಿದರು. ಒಂದು ಕಡೆ ಜಂಬಿಟ್ಟಿಗೆಯ ಅಡಿಪಾಯ, ಅದರ ಪಕ್ಕ ನೆಲದಲ್ಲಿ ಹೂತ ಒರಳು. ಗುಳಿಯ ತುಂಬಾ ಹೂಳು. ಅಪ್ಪ ಕೂತು ಬೆರಳಿನಿಂದ ಹೂಳು ತೆಗೆದರು. ಒಳಗೆ ಮುಷ್ಟಿ ಇಟ್ಟು ನೋಡಿದರು. ಅಂಚಿನ ಸುತ್ತ ಕೈ ಆಡಿಸಿದರು. ‘ನಮ್ಮದಲ್ಲ. ನಮ್ಮದರ ಅಂಚು ಒಡೆದಿತ್ತು. ಇದು ಪಕ್ಕದ ಮನೆಯದ್ದು’ ಅಂದರು. ಎದ್ದು ಪಡುವಣಕ್ಕೆ ತಿರುಗಿ ನೋಡಿದರು. ಇಪ್ಪತ್ತು ಹೆಜ್ಜೆಯಾಚೆ ನೀರು. ನಮ್ಮ ಮನೆ ಇನ್ನೂ ಅದರ ಅಡಿಯಲ್ಲೇ ಇತ್ತು.

ನೀರಿನ ಅಂಚಿಗೆ ಮಾತ್ರ ಯಾರೂ ಹೋಗಬೇಡಿ. ಮೇಲೆ ಗಟ್ಟಿ ಕಾಣುತ್ತದೆ, ಕಾಲಿಟ್ಟರೆ ಮೊಣಕಾಲಿನವರೆಗೆ ಹೂಳು. ಯಜಮಾನರು ಅಪ್ಪನ ತೋಳು ಹಿಡಿದು ತಡೆದರು.

ಸಂಜೆ ಅವರು ಒಂದು 200 ಪುಟದ ನೋಟ್‌ಬುಕ್ ತಂದಿಟ್ಟರು. ಮುಳುಗಡೆಯಾದ ಊರುಗಳ ಹಿರಿಯರು ಬಂದಾಗ ತಮ್ಮ ಕೇರಿ ಹೇಗಿತ್ತು ಅಂತ ಅದರಲ್ಲಿ ಬರೆದು ಹೋಗುತ್ತಾರೆ. ಯಾರ ಮನೆ ಎಲ್ಲಿ, ಬಾವಿ ಎಲ್ಲಿ, ಹೊಳೆಗೆ ಇಳಿಯುವ ದಾರಿ ಯಾವುದು. ಅಪ್ಪ ಎರಡು ಗಂಟೆ ಕೂತು 11 ಮನೆ ಬರೆದರು. ಪ್ರತಿ ಮನೆಯ ಯಜಮಾನನ ಹೆಸರೂ ನೆನಪಿತ್ತು. ನನಗೆ ಇದ್ಯಾವುದನ್ನೂ ಅವರು ಹಿಂದೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಕೊರತೆಗಳೂ ಇವೆ. ಅಂಗಳದಿಂದ ಜಗಲಿಗೆ ಒಂಬತ್ತು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇಲ್ಲ. ಬಚ್ಚಲುಮನೆಯ ಕಲ್ಲು ಜಾರುತ್ತದೆ. ವಯಸ್ಸಾದವರೇ ಜಾಸ್ತಿ ಬರುವ ಜಾಗ, ಇದನ್ನು ಸರಿ ಮಾಡಲೇಬೇಕು. ನಾನು ಅವರಿಗೂ ಹೇಳಿದ್ದೇನೆ. ಮೊಬೈಲ್ ನೆಟ್‌ವರ್ಕ್ ಸಿಗುವುದಿಲ್ಲ, ಮಾತ್ರೆ ಔಷಧಿ ಸಾಗರದಲ್ಲೇ ತೆಗೆದುಕೊಳ್ಳಿ.

ಎರಡನೇ ಸಲ ಹೋದಾಗ ಎಲ್ಲೆಲ್ಲೂ ನೀರು. ಒರಳು ಯಾವ ಕಡೆ ಎಂದು ಕೂಡ ತಿಳಿಯುತ್ತಿರಲಿಲ್ಲ. ಜುಲೈನಲ್ಲಿ ಶುರುವಾದ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಮೇಲೆ ಸಿಗಂದೂರಿಗೆ ಹೋಗಿ ಬಂದೆವು. ಮೊದಲು ಲಾಂಚ್‌ಗೆ ಕಾಯಬೇಕಿತ್ತು. ಹಿಂತಿರುಗಿ ಬಂದು ಅಪ್ಪ ನೋಟ್‌ಬುಕ್ ಕೇಳಿದರು. ಅವರ ಪುಟದ ಪಕ್ಕದಲ್ಲಿ ಮೇಲಿನ ಕೇರಿಯ ಯಾರೋ ನೀಲಿ ಪೆನ್ನಿನಲ್ಲಿ ಬರೆದಿದ್ದರು: ‘ಬಾವಿ ಇದ್ದದ್ದು ಮೂಡಣಕ್ಕೆ.’ ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ‘ಮೂಡಣಕ್ಕಿದ್ದದ್ದು ಅವರ ಬಾವಿ. ನಮ್ಮದು ಪಡುವಣಕ್ಕೇ’ ಅಂದರು. ಯಜಮಾನರ ಹತ್ತಿರ ಅವರ ಫೋನ್ ನಂಬರ್ ಇತ್ತು. ನೆಟ್‌ವರ್ಕ್ ಸಿಗುವ ದಿಬ್ಬದವರೆಗೆ ಜೀಪಿನಲ್ಲಿ ಕರೆದುಕೊಂಡು ಹೋದರು. ಅಪ್ಪ ಅಲ್ಲೇ ನಿಂತುಕೊಂಡು ಒಂದು ಗಂಟೆ ಮಾತಾಡಿದರು.

ಮುಂದಿನ ಮೇ ತಿಂಗಳಿಗೆ ಎರಡು ಕೋಣೆ ಹೇಳಿಟ್ಟಿದ್ದೇವೆ. ಒಂದು ನಮಗೆ, ಇನ್ನೊಂದು ಅವರಿಗೆ.